ಪೈಲ್ವಾನರ ಮಾಲೀಸು ಗಲ್ಲಾ ಮುಂದೆ ಕೂತವರಿಗೂ ಆದೀತೆ?

ದಸರಾ ಹತ್ತಿರ ಬಂತೆಂದರೆ ಮೈಸೂರಿನ ಗರಡಿಮನೆಗಳಲ್ಲಿ ಸಾಮು ಜೋರಾಗುತ್ತದೆ. ದಂಡ, ಬಸ್ಕಿ ನೂರಾರು ಲೆಕ್ಕದಲ್ಲಿ. ಆಮೇಲೆ ಕೆಂಪು ಮಟ್ಟಿಗೆ ಇಳಿದು ಪಟ್ಟುಗಳ ಅಭ್ಯಾಸ. ಇದೆಲ್ಲ ಮುಗಿದ ಮೇಲೆ ನಡೆಯುವ ಇನ್ನೊಂದು ಕೆಲಸವನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಒಬ್ಬ ಬೋರಲು ಮಲಗುತ್ತಾನೆ. ಮತ್ತೊಬ್ಬ ಅವನ ತೊಡೆ, ಮೀನಖಂಡ, ಬೆನ್ನು, ಭುಜಗಳನ್ನು ಅಂಗೈಯಿಂದ, ಮೊಣಕೈಯಿಂದ ಒತ್ತಿ ಒತ್ತಿ ತಿಕ್ಕುತ್ತಾನೆ. ಆಮೇಲೆ ಅದಲು ಬದಲು. ಬಿಲ್ಲಿಲ್ಲ, ಬಾಡಿಗೆಯಿಲ್ಲ. ಇದೇ ಮಾಲೀಸು.

ಇವತ್ತು ಕ್ರಿಕೆಟ್, ಕಬಡ್ಡಿ ತಂಡಗಳ ಜತೆ ಊರೂರು ಸುತ್ತುವ ಮಸಾಜ್ ತಜ್ಞರು ಮಾಡುವುದೂ ಬಹುಪಾಲು ಇದನ್ನೇ. ಹೆಸರು ಮಾತ್ರ ‘ಸ್ಪೋರ್ಟ್ಸ್ ಮಸಾಜ್’ ಎಂದಾಗಿದೆ. ಗರಡಿಯಲ್ಲಿ ಪುಕ್ಕಟೆಯಾಗಿದ್ದದ್ದು ಎ.ಸಿ. ರೂಮಿಗೆ ಹೋದ ಮೇಲೆ ಗಂಟೆ ಲೆಕ್ಕದ ದರ ಬಂದಿದೆ!

ಮೈಸೂರಿಗೆ ಈ ವಿದ್ಯೆ ಹೊಸದೇನಲ್ಲ. ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ಆಡುವ ಜಟ್ಟಿಗಳು, ಹಿಂದಿನ ಕಾಲದಲ್ಲಿ ಕುಸ್ತಿಗೆ ಹೇಗೋ ಹಾಗೆ ಕೀಲು ಕೂರಿಸುವುದಕ್ಕೆ, ನೋವಿಗೆ ಎಣ್ಣೆ ಹಾಕಿ ನೀವುವುದಕ್ಕೂ ಹೆಸರಾಗಿದ್ದವರು. ಮೈ ಮುರಿಯುವುದು ಗೊತ್ತಿದ್ದವನಿಗೆ ಮೈ ಸರಿ ಮಾಡುವುದೂ ಗೊತ್ತಿರಬೇಕಿತ್ತು.

ಸರಿ, ಮಾಲೀಸಿನಿಂದ ಆಗುವುದಾದರೂ ಏನು? ‘ಮೈಯಲ್ಲಿರೋ ಕೆಟ್ಟದ್ದೆಲ್ಲ ಇಳಿದೋಯ್ತದೆ’ ಎಂಬುದು ಹಳಬರ ಮಾತು. ಜಿಮ್ಮಿಗೆ ಹೋಗುವ ಹುಡುಗರು ಅದನ್ನೇ ‘ಲ್ಯಾಕ್ಟಿಕ್ ಆಸಿಡ್ ಹೋಗುತ್ತೆ’ ಎನ್ನುತ್ತಾರೆ. ಎರಡೂ ನಿಜವಲ್ಲ. ದಣಿವಿನಲ್ಲಿ ರಕ್ತಕ್ಕೆ ಸೇರುವ ಆ ಲ್ಯಾಕ್ಟಿಕ್ ಅಂಶ ಯಾರೂ ಮುಟ್ಟದಿದ್ದರೂ ಗಂಟೆ ಒಂದೂವರೆ ಗಂಟೆಯೊಳಗೆ ತಾನೇ ಇಳಿಯುತ್ತದೆ. ಮಾರನೇ ದಿನ ಮೆಟ್ಟಿಲು ಇಳಿಯುವಾಗ ‘ಅಯ್ಯಪ್ಪಾ’ ಎನ್ನಿಸುವ ನೋವೇ ಬೇರೆ. ರೂಢಿಯಿಲ್ಲದ ಕೆಲಸದಲ್ಲಿ ಸ್ನಾಯುವಿನ ಎಳೆಗಳು ಸಣ್ಣಗೆ ಹರಿದು ಬರುವ ನೋವು ಅದು. ಎರಡು ಮೂರು ದಿನ ಕಾಡಿ ಹೋಗುತ್ತದೆ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. 11 ಮಂದಿ ಯುವಕರಿಗೆ ಸುಸ್ತಾಗುವ ತನಕ ಸೈಕಲ್ ತುಳಿಸಿ, ಒಂದು ಕಾಲಿಗೆ ಮಾತ್ರ 10 ನಿಮಿಷ ಮಾಲೀಸು ಮಾಡಿ, ಎರಡೂ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ಮಾಲೀಸಾದ ಕಾಲಿನಲ್ಲಿ ಉರಿಯೂತದ ಗುರುತು ಕಡಿಮೆ. ಲ್ಯಾಕ್ಟಿಕ್ ಅಂಶದಲ್ಲಿ ಮಾತ್ರ ವ್ಯತ್ಯಾಸವೇ ಇಲ್ಲ. 2020ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಸಂಶೋಧಕರು 29 ಅಧ್ಯಯನಗಳನ್ನು, ಒಟ್ಟು 1012 ಮಂದಿಯ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ ಮಾಲೀಸಿನಿಂದ ಓಟದ ವೇಗವಾಗಲಿ, ನೆಗೆತವಾಗಲಿ, ಬಲವಾಗಲಿ ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲ. ಮೈನೋವು ಸ್ವಲ್ಪ ತಗ್ಗುತ್ತದೆ, ಮೈ ಸ್ವಲ್ಪ ಸಡಿಲವಾಗುತ್ತದೆ, ಅಷ್ಟು ಖಚಿತ.

ಅಷ್ಟೇನಾ ಎಂದು ಮೂಗು ಮುರಿಯಬೇಕಿಲ್ಲ. ನಾಳೆ ಮತ್ತೆ ಅಖಾಡಕ್ಕೆ ಇಳಿಯಬೇಕಾದವನಿಗೆ ಆ ‘ಸ್ವಲ್ಪ’ವೇ ಬೇಕಾದಷ್ಟು. ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಬಟ್ಟೆ ಅಂಗಡಿಯಲ್ಲಿ ನಿಂತೇ ಥಾನು ಬಿಚ್ಚುವ ಹುಡುಗನಿಗೂ, ಮೂಟೆ ಹೊರುವ ಹಮಾಲಿಗೂ, ಬಸ್ಸಿನ ಕಂಬಿ ಹಿಡಿದು ನೇತಾಡಿ ಮನೆ ಸೇರುವವರಿಗೂ ಹಾಗೆಯೇ. ಮೀನಖಂಡ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು. ನಡೆದಾಡಿದರೆ ಅದು ಕೆಲಸ ಮಾಡುತ್ತದೆ, ನಿಂತಲ್ಲೇ ನಿಂತರೆ ಮಾಡುವುದಿಲ್ಲ. ಸಂಜೆಗೆ ಕಾಲು ಕಲ್ಲಾಗುವುದು ಅದಕ್ಕೇ.

ಇದಕ್ಕೆ ಗರಡಿಗೇ ಹೋಗಬೇಕೆಂದಿಲ್ಲ. ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ಹಚ್ಚಿಕೊಂಡು, ಪಾದದಿಂದ ಮಂಡಿಯ ಕಡೆಗೆ, ಕೆಳಗಿನಿಂದ ಮೇಲಕ್ಕೆ, ಐದು ಹತ್ತು ನಿಮಿಷ ನೀವಿಕೊಂಡರೆ ಆಯಿತು. ಅಂಗಾಲು ಹಿಡಿದಿದ್ದರೆ ಮಕ್ಕಳ ರಬ್ಬರ್ ಚೆಂಡನ್ನು ಕಾಲಡಿ ಹಾಕಿ ಹೊರಳಿಸಬಹುದು. ಒತ್ತುವಾಗ ಪಕ್ಕದವರ ಜತೆ ಮಾತಾಡಲು ಆಗುವಂತಿರಬೇಕು. ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುವಷ್ಟು ಒತ್ತಿದರೆ ಅದು ಮಾಲೀಸಲ್ಲ, ಶಿಕ್ಷೆ.

ಕೈ ಹಾಕಬಾರದ ಕಡೆಗಳೂ ಇವೆ. ‘ನರ ಹಿಡ್ಕಂಡದೆ, ಒಂದ್ಸಲ ತಿಕ್ಕಿಬುಡು’ ಎನ್ನುವ ಅವಸರದಲ್ಲಿ ಜನ ಮರೆಯುವುದು ಇದನ್ನೇ. ಕಾಲು ಉಳುಕಿ ಊದಿದ ಮೊದಲ ಎರಡು ದಿನ ತಿಕ್ಕಿದರೆ ಊತ ಹೆಚ್ಚುತ್ತದೆ. ಕಾಲೂರಲು ಆಗದಿದ್ದರೆ ಎಕ್ಸ್‌ರೇ ಆಗಬೇಕು; ಮುರಿದ ಮೂಳೆಗೆ ಎಣ್ಣೆ ತಿಕ್ಕಿಸಿಕೊಂಡು ವಾರ ಕಳೆದ ಮೇಲೆ ಆಸ್ಪತ್ರೆಗೆ ಹೋಗಬಾರದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಡಾಕ್ಟರನ್ನು ಕೇಳದೆ ಗಟ್ಟಿ ಮಾಲೀಸಿಗೆ ಕೂರಬಾರದು.

ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡೀತು. ಇನ್ನು ಗಲ್ಲಾ ಮುಂದೆ ಕೂತ ಯಜಮಾನರಿಗೆ ಎದೆ ಹಿಡಿದು, ಎಡಭುಜ ಸೆಳೆದು, ಬೆವರು ಕಿತ್ತು ಬಂದರೆ ಅದು ಮೂಟೆ ಎತ್ತಿದ ನೋವೋ ಗ್ಯಾಸೋ ಎಂದು ಅಂಗಡಿ ಹುಡುಗನ ಕೈಯಲ್ಲಿ ಭುಜ ಒತ್ತಿಸಿಕೊಳ್ಳುತ್ತಾ ಕೂರುವುದಲ್ಲ. ಆ ಹುಡುಗ ಮಾಡಬೇಕಾದದ್ದು 108ಕ್ಕೆ ಫೋನು. ಬಾಗಿಲು ಆಮೇಲೆ ಹಾಕಿದರಾಯಿತು.