ಮೇಣದಲ್ಲಿ ಉಳಿದ ದನಿ

ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು 39ನೇ ಬೀದಿ ಕೂಡುವಲ್ಲಿ ಒಂದು ಕಾಲಕ್ಕೆ ಮೆಟ್ರೊಪಾಲಿಟನ್ ಆಪೆರಾ ಹೌಸ್ ಇತ್ತು. 1901ರ ಚಳಿಗಾಲದ ಒಂದು ಸಂಜೆ ಅದರೊಳಗೆ ಹೋಗೋಣ ಬನ್ನಿ. ಮುಂಬಾಗಿಲು ಬೇಡ, ಅಲ್ಲಿ ಕುದುರೆಗಾಡಿಗಳಿಂದ ಇಳಿಯುವ ಸಿರಿವಂತರ ಗದ್ದಲ. ಹಿಂಬಾಗಿಲಿನಿಂದ ನುಸುಳಿ, ಹಸಿ ಬಣ್ಣ, ಮರದ ಪುಡಿ, ಹಳೆಯ ಹಗ್ಗ ಎಲ್ಲ ಬೆರೆತ ವಾಸನೆಯ ನಡುವೆ ಮೆಟ್ಟಿಲು ಹತ್ತುತ್ತ ಹೋದರೆ ರಂಗದಿಂದ ಸುಮಾರು 40 ಅಡಿ ಮೇಲೆ ಒಂದು ಇಕ್ಕಟ್ಟಾದ ಅಟ್ಟಣಿಗೆ ಸಿಗುತ್ತದೆ. ಪರದೆಗಳನ್ನು ಎತ್ತಿ ಇಳಿಸುವ ಆಳುಗಳು ಓಡಾಡುವ ಜಾಗ ಅದು. ಅಲ್ಲಿ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ಕೂತಿದ್ದಾನೆ. ಅವನ ಪಕ್ಕದಲ್ಲಿ ಕೀಲಿ ಕೊಟ್ಟು ತಿರುಗಿಸುವ ಎಡಿಸನ್ ಫೋನೋಗ್ರಾಫ್. ಅದಕ್ಕೆ ಸಿಕ್ಕಿಸಿದ ಭಾರಿ ತುತ್ತೂರಿಯ ಬಾಯಿ ಕೆಳಗಿನ ರಂಗದತ್ತ ತಿರುಗಿದೆ.

ಕೆಳಗೆ ವಾದ್ಯವೃಂದ ಒಮ್ಮೆ ಉಕ್ಕಿ ತಗ್ಗುತ್ತದೆ. ಗಾಯಕ ಬಾಯಿ ತೆರೆಯುವ ಗಳಿಗೆಗೆ ಸರಿಯಾಗಿ ಈತ ಮುಳ್ಳನ್ನು ಇಳಿಬಿಡುತ್ತಾನೆ. ನಾಲ್ಕು ಅಂಗುಲ ಉದ್ದದ, ಕಂದು ಬಣ್ಣದ ಮೇಣದ ಉರುಳೆ ಗಿರ್ರನೆ ತಿರುಗುತ್ತಿರುವಾಗ ಮುಳ್ಳು ಅದರ ಮೈಯನ್ನು ಗೀರುತ್ತದೆ; ಗೀರಿದಲ್ಲೆಲ್ಲ ಕೂದಲಿಗಿಂತ ತೆಳುವಾದ ಮೇಣದ ಎಳೆ ಸುರುಳಿ ಸುರುಳಿಯಾಗಿ ಏಳುತ್ತದೆ. ಮೈಕಿಲ್ಲ, ವಿದ್ಯುತ್ತಿಲ್ಲ. ಗಾಯಕನ ಗಂಟಲಿನಿಂದ ಹೊರಟ ಗಾಳಿಯ ಅಲೆ ಅಷ್ಟು ದೂರ ತೇಲಿ ಬಂದು, ತುತ್ತೂರಿಯಲ್ಲಿ ಇಳಿದು, ತಾನೇ ಮುಳ್ಳನ್ನು ಅಲುಗಿಸಬೇಕು. ಎರಡು ನಿಮಿಷ ಆಗುವುದರೊಳಗೆ ಉರುಳೆ ಮುಗಿದುಹೋಗುತ್ತದೆ. ಕೆಳಗೆ ಹಾಡು ಇನ್ನೂ ನಡೆದೇ ಇರುತ್ತದೆ.

ಈತ ಲಯೊನೆಲ್ ಮೇಪಲ್‌ಸನ್. ಇಂಗ್ಲೆಂಡಿನಿಂದ ಬಂದ ಪಿಟೀಲುಗಾರ, ಈ ರಂಗಮಂದಿರದ ಗ್ರಂಥಪಾಲಕ. ವಾದ್ಯಗಾರರ ಸ್ವರಲಿಪಿಯ ಹಾಳೆಗಳನ್ನು ಹಂಚುವುದು, ಆಟ ಮುಗಿದ ಮೇಲೆ ಎಣಿಸಿ ಕಟ್ಟಿಡುವುದು, ಹರಿದದ್ದನ್ನು ಅಂಟಿಸುವುದು ಅವನ ಕೆಲಸ. 1900ರ ಮಾರ್ಚಿನಲ್ಲಿ ಫೋನೋಗ್ರಾಫ್ ಕೊಂಡು ತಂದವನಿಗೆ ಅದರ ಹುಚ್ಚೇ ಹಿಡಿಯಿತು. ಊಟ ನಿದ್ದೆ ಕೆಲಸ ಯಾವುದೂ ಸರಿಯಾಗಿ ಆಗುತ್ತಿಲ್ಲವೆಂದು ದಿನಚರಿಯಲ್ಲಿ ತಾನೇ ಬರೆದುಕೊಂಡ. ಮೊದಲು ರಂಗದ ಮುಂದಿನ ಪ್ರಾಂಪ್ಟರ್ ಗೂಡಿನಲ್ಲಿ, ಅಂದರೆ ಗಾಯಕರಿಗೆ ಮರೆತ ಸಾಲು ನೆನಪಿಸುವವನು ಕೂರುವ ಜಾಗದಲ್ಲಿ, ಯಂತ್ರ ಇಟ್ಟು ನೋಡಿದ. ಅಲ್ಲಿ ದನಿ ಹತ್ತಿರ, ಆದರೆ ತುತ್ತೂರಿ ಪ್ರೇಕ್ಷಕರ ಕಣ್ಣಿಗೆ ಬೀಳುತ್ತಿತ್ತು. ಹಾಗಾಗಿ ಅಟ್ಟ ಹತ್ತಿದ. 1903ರವರೆಗೆ ಹೀಗೆ ತುಂಬಿಟ್ಟ ಉರುಳೆಗಳು ನೂರಕ್ಕೂ ಹೆಚ್ಚು. ಮಾರುವುದಕ್ಕೆಂದಲ್ಲ, ತಾನು ಕೇಳಬೇಕು, ಹಾಡಿದವರಿಗೂ ಗೆಳೆಯರಿಗೂ ಕೇಳಿಸಬೇಕು, ಅಷ್ಟೇ.

ಆ ಅಟ್ಟದ ಮೇಲಿನ ಸಂಜೆಗಳ ಬೆಲೆ ತಿಳಿಯಬೇಕಾದರೆ ಕೆಳಗೆ ಹಾಡುತ್ತಿದ್ದವರಲ್ಲಿ ಒಬ್ಬನನ್ನು ನೋಡಬೇಕು. ಜಾನ್ ದ ರೆಶ್ಕೆ, ವಾರ್ಸಾದಲ್ಲಿ 1850ರಲ್ಲಿ ಹುಟ್ಟಿದ ಪೋಲಿಷ್ ಗಾಯಕ. ಕೆಳಸ್ಥಾಯಿಯ ಗಾಯಕನಾಗಿ ರಂಗಕ್ಕೆ ಬಂದು, ಆಮೇಲೆ ದನಿಯನ್ನು ತಿದ್ದಿಕೊಂಡು ಟೆನರ್, ಅಂದರೆ ಮೇಲುಸ್ಥಾಯಿಯ ಗಾಯಕ, ಆದವನು. ಆ ಕಾಲದ ವಿಮರ್ಶಕರಿಗೆ ಆತನೇ ಅಳತೆಗೋಲು. ನಂತರ ಬಂದ ಎಷ್ಟೋ ಗಾಯಕರನ್ನು ಅವನ ಪಕ್ಕದಲ್ಲಿಟ್ಟೇ ತೂಗುತ್ತಿದ್ದರು. 1901ರಲ್ಲಿ ಮೆಟ್ರೊಪಾಲಿಟನ್ ರಂಗಕ್ಕೆ ವಿದಾಯ ಹೇಳಿ, ಕಡೆಯ ವರ್ಷಗಳನ್ನು ಪಾಠ ಹೇಳುತ್ತ ಕಳೆದು, 1925ರಲ್ಲಿ ತೀರಿಕೊಂಡ. ಅವನದೆಂದು ಅಂಗಡಿಗೆ ಬಂದ ಒಂದು ರೆಕಾರ್ಡೂ ಇಲ್ಲ. ಇಂದು ನಾವು ಕೇಳಬಹುದಾದ ಅವನ ದನಿ ಆ ಅಟ್ಟದ ಮೇಲೆ ಮೇಣದಲ್ಲಿ ಗೀರಿದಷ್ಟೇ.

ಆ ದನಿ ಕೇಳಲು ಕೂತರೆ ಮೊದಲು ಕಿವಿಗೆ ಬೀಳುವುದು ಕರಕರ ಸದ್ದು. ಅದರ ಹಿಂದೆ ಎಲ್ಲೋ ದೂರದಲ್ಲಿ ಪಿಟೀಲುಗಳು, ಹಿತ್ತಾಳೆಯ ವಾದ್ಯಗಳು. ಆಮೇಲೆ, ಗದ್ದಲವನ್ನು ಸೀಳಿಕೊಂಡು, ಒಂದು ಗಂಡುದನಿ ನೆಟ್ಟಗೆ ಮೇಲೇಳುತ್ತದೆ, ಗಾಯಕ ರಂಗದ ಮೇಲೆ ಆಚೆ ತಿರುಗಿದನೋ ಏನೋ, ಕರಗಿಹೋಗುತ್ತದೆ, ಮತ್ತೆ ಬರುತ್ತದೆ. ಕೊನೆಗೆ ಚಪ್ಪಾಳೆಯ ಮೊರೆತ. ತಪ್ಪಾದರೆ ಮತ್ತೊಮ್ಮೆ ಹಾಡಬಹುದಾದ ಸ್ಟುಡಿಯೊದ ಹಾಡಲ್ಲ ಇದು. ತುಂಬಿದ ಸಭೆಯ ಎದುರು ಒಬ್ಬ ಗಾಯಕ ನಿಜವಾಗಿ ಹಾಡಿದ ಹೊತ್ತು. ನನಗಂತೂ ಈ ಮಸುಕು ದನಿಯ ಮುಂದೆ ಆ ಕಾಲದ ಸ್ಟುಡಿಯೊ ರೆಕಾರ್ಡುಗಳು ಸಪ್ಪೆಯೇ.

ಮೇಪಲ್‌ಸನ್ 1937ರಲ್ಲಿ ತೀರಿಕೊಂಡ. ಉರುಳೆಗಳಲ್ಲಿ ಬಹುಪಾಲು ಈಗ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ರಂಗಕಲೆಗಳ ಶಾಖೆಯಲ್ಲಿವೆ. ಅಲ್ಲಿ ಅವುಗಳ ಮೈ ಮುಟ್ಟುವಂತಿಲ್ಲ. ಟೊಳ್ಳಾದ ಉರುಳೆಯೊಳಕ್ಕೆ ಎರಡು ಬೆರಳು ತೂರಿಸಿ, ಮೆಲ್ಲಗೆ ಅಗಲಿಸಿ ಎತ್ತಬೇಕು. ಚಳಿಯಲ್ಲಿದ್ದ ಮೇಣಕ್ಕೆ ಅಂಗೈಯ ಬಿಸಿ ತಾಗಿದರೂ ಬಿರುಕು ಬಿಡಬಹುದು. ಸೆಕೆಯಾದರೆ ಮೆತ್ತಗಾಗುತ್ತದೆ, ತೇವವಾದರೆ ಬೂಷ್ಟು ಹಿಡಿದು ಬೂದಿಬಣ್ಣದ ಮಚ್ಚೆಗಳು ಹಾಡನ್ನೇ ತಿನ್ನುತ್ತವೆ. ಪ್ರತಿ ಸಲ ಮುಳ್ಳು ಇಟ್ಟಾಗಲೂ ಗೀರು ಒಂದಿಷ್ಟು ಸವೆಯುತ್ತದೆ. ಮೇಪಲ್‌ಸನ್ ಪ್ರೀತಿಯಿಂದ ಹಾಕಿ ಹಾಕಿ ಕೇಳಿಸಿದ ಉರುಳೆಗಳೇ ಹೆಚ್ಚು ಸವೆದಿರುವುದು. 1985ರಲ್ಲಿ ಗ್ರಂಥಾಲಯ ಇವನ್ನೆಲ್ಲ ಆರು ಎಲ್‌ಪಿಗಳಾಗಿ ಹೊರತಂದಿತು.

ಆದರೆ ಮೇಣವೊಂದೇ ಸಾಲದು. ಉರುಳೆ ಎಷ್ಟು ವೇಗದಲ್ಲಿ ತಿರುಗುತ್ತಿತ್ತೆಂದು ಅದರ ಮೇಲೆ ಬರೆದಿಲ್ಲ. ತುಸು ಜೋರಾಗಿ ತಿರುಗಿಸಿದರೆ ಶ್ರುತಿ ಏರಿ ಗಾಯಕ ಹುಡುಗನಾಗುತ್ತಾನೆ, ನಿಧಾನಿಸಿದರೆ ಮುದುಕನಾಗುತ್ತಾನೆ. ಸ್ವರಲಿಪಿಯನ್ನು ಎದುರಿಗಿಟ್ಟುಕೊಂಡು, ಹಾಡಿನ ಮೂಲ ಶ್ರುತಿಗೆ ಹೊಂದುವವರೆಗೆ ವೇಗವನ್ನು ತಿದ್ದಬೇಕು. ಹಾಡಿದ್ದು ಯಾರು, ಯಾವ ರಾತ್ರಿ? ಅದಕ್ಕೂ ಕಾಗದವೇ ಗತಿ: ಮೇಪಲ್‌ಸನ್ನನ ದಿನಚರಿ, ರಂಗಮಂದಿರದ ಪಾತ್ರಪಟ್ಟಿಗಳು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತುತ್ತೂರಿಯ ಮುಂದೆ ಹಾಡಿದ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಮುಂದೆ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಆಕೆಯ ರೆಕಾರ್ಡನ್ನು ಗುರುತಿಸಲು ಬೇರೆ ಸಾಕ್ಷಿ ಬೇಡ. ರಂಗದ ಮೇಲೆ ಪಾತ್ರವಾಗಿ ನಿಂತ ರೆಶ್ಕೆಗೆ ಆ ಅನುಕೂಲ ಇರಲಿಲ್ಲ. ಅವನ ದನಿಗೆ ಅವನ ಹೆಸರು ಸೇರಿಸಿದ್ದು ಒಬ್ಬ ಗ್ರಂಥಪಾಲಕನ ಶಿಸ್ತು.

ಈಚಿನ ವರ್ಷಗಳಲ್ಲಿ ಮೇಪಲ್‌ಸನ್ ವಂಶದವರ ಮನೆಯಿಂದ ಇನ್ನೂ 16 ಉರುಳೆಗಳು, ಜೊತೆಗೆ ಆ ದಿನಚರಿಗಳು, ಗ್ರಂಥಾಲಯ ಸೇರಿದವು. ದಾರಿಯ ಶಾಖ ತಾಗದಂತೆ ತಂಪುಪೆಟ್ಟಿಗೆಗಳಲ್ಲಿಟ್ಟು ತಂದರು. ಗ್ರಂಥಾಲಯದ ಹೊಸ ಯಂತ್ರ ಲೇಸರ್ ಬೆಳಕಿನ ನೆರವಿನಿಂದ, ಗೀರಿಗೆ ನೋವಾಗದಷ್ಟು ಹಗುರಾಗಿ, ದನಿಯನ್ನು ಎತ್ತಿಕೊಳ್ಳುತ್ತದೆ. ಒಡೆದ, ಸೊಟ್ಟಗಾದ ಉರುಳೆಗಳಿಂದಲೂ ಹಾಡು ಹೊರಡಿಸುತ್ತದೆ.

ಹಳೆಯ ಆಪೆರಾ ಹೌಸನ್ನು 1967ರಲ್ಲಿ ಕೆಡವಿದರು, ಆ ಅಟ್ಟವೂ ಹೋಯಿತು. ರೆಶ್ಕೆಯ ದನಿ ಇಂದಿಗೂ ಕೇಳಸಿಗುತ್ತದೆ. ಕೇಳುವವರಿಗೆ ಒಂದು ಮಾತು: ಮೊದಲು ಅದೇ ಹಾಡನ್ನು ಈಗಿನ ಗಾಯಕರೊಬ್ಬರಿಂದ ಕೇಳಿ ರಾಗದ ದಾರಿ ಗುರುತು ಮಾಡಿಕೊಳ್ಳಿ. ಆಮೇಲೆ ಹೆಡ್‌ಫೋನ್ ಹಾಕಿ ಕೂತು ಮೇಣದ ದನಿ ಕೇಳಿ. ಮೊದಲ ಸಲ ಕರಕರ ಸದ್ದಷ್ಟೇ ಕೇಳಿಸಿದರೆ ಬೇಸರಪಟ್ಟು ಬಿಡಬೇಡಿ. ಎರಡನೆಯ ಸಲ, ಮೂರನೆಯ ಸಲ ಕೇಳಿ.