ಕರೆಂಟ್ ಹೋದರೂ ಆಟ ಹೋಗಬಾರದು

ಈ ವರ್ಷದ ಅಂತರ-ತರಗತಿ ಚೆಸ್ ಪಂದ್ಯ ಕಂಪ್ಯೂಟರ್ ಲ್ಯಾಬಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಜುಹರ್ ನಮಾಜಿನ ನಂತರ ನನ್ನ ಸೆಮಿಫೈನಲ್. ಎದುರಾಳಿ ಪ್ರಥಮ ಪಿಯುಸಿಯ ಹುಡುಗ. ಒಂದೇ ಕಂಪ್ಯೂಟರಿನ ಮುಂದೆ ಕುಳಿತು ಸರದಿಯಂತೆ ಆಡುತ್ತಿದ್ದೆವು. ಮೂವತ್ತು ನಡೆ ದಾಟಿತ್ತು, ನನಗೆ ಒಂದು ಆನೆ ಹೆಚ್ಚಿತ್ತು. ಹೊರಗೆ ಗಾಳಿ ಎದ್ದಿತು, ಕರೆಂಟ್ ಹೋಯಿತು.

ಮತ್ತೆ ಬಂದಾಗ ಆಟದ ಗುರುತೂ ಇರಲಿಲ್ಲ. ನೆನಪಿನಿಂದ ಕಾಯಿ ಜೋಡಿಸಲು ಹೋದೆವು. ಅವನ ಕುದುರೆ ಯಾವ ಮನೆಯಲ್ಲಿತ್ತು ಎಂಬಲ್ಲಿಗೆ ಜಗಳ ನಿಂತಿತು. ನಾನು ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ, ಅವನು ಹೇಳುತ್ತಿದ್ದಾನೆಂದು ನನಗೆ. ಕೊನೆಗೆ ಮೊದಲಿನಿಂದ ಆಡಿದೆವು, ನಾನು ಸೋತೆ. ಸೋತಿದ್ದಕ್ಕೇ ಈ ಲೇಖನ ಎಂದು ಗೆಳೆಯರು ನಗುತ್ತಾರೆ, ನಗಲಿ.

ನಡೆಯುತ್ತಿರುವ ಆಟ ಇರುವುದು ರ‍್ಯಾಮ್‌ನಲ್ಲಿ. ವಿದ್ಯುತ್ ನಿಂತರೆ ಅಲ್ಲಿರುವುದೆಲ್ಲ ಅಳಿಯುತ್ತದೆ. ಡಿಸ್ಕಿಗೆ ಸೇವ್ ಮಾಡಿದ್ದಷ್ಟೇ ಉಳಿಯುತ್ತದೆ. ಯುಪಿಎಸ್ ಇದ್ದರೆ ಸಾಕು ಎನ್ನುವವರು ಲೆಕ್ಕ ಹಾಕಿ ನೋಡಿ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 84 ವ್ಯಾಟ್-ಅವರ್. ಮಾನಿಟರ್ ಸೇರಿ ಕಂಪ್ಯೂಟರ್ 120 ವ್ಯಾಟ್ ಎಳೆದರೆ ಕಾಗದದ ಮೇಲೆ 42 ನಿಮಿಷ. ಹಳೆಯ ಬ್ಯಾಟರಿಯಲ್ಲಿ ಅದರ ಅರ್ಧವೂ ಸಿಗುವುದು ಕಷ್ಟ. ಅದು ಸೇವ್ ಮಾಡಿ ಬಂದ್ ಮಾಡುವ ಸಮಯ, ಆಟ ಮುಗಿಸುವ ಸಮಯವಲ್ಲ.

ಮೊಬೈಲಿನಲ್ಲಿ ಫೋಟೊ ತೆಗೆದರೆ? ಕಾಯಿಗಳು ಕಾಣುತ್ತವೆ, ಆದರೆ ಯಾರ ಸರದಿ, ಕ್ಯಾಸಲಿಂಗ್ ಹಕ್ಕು ಉಳಿದಿದೆಯೇ ಎಂಬುದು ಫೋಟೊದಲ್ಲಿ ಕಾಣುವುದಿಲ್ಲ. ನಡೆಗಳ ಪಟ್ಟಿ ಇದ್ದರೆ ಇವೆಲ್ಲ ತಾನಾಗಿಯೇ ಗೊತ್ತಾಗುತ್ತವೆ. ಕಂಪ್ಯೂಟರಿನಲ್ಲಿ ಅದು ಪಿಜಿಎನ್ ಎಂಬ ಸಾದಾ ಪಠ್ಯದ ಫೈಲು, ಕೆಲವೇ ಸಾಲು. ಪ್ರತಿ ನಡೆಗೂ ತಾನೇ ಸೇವ್ ಮಾಡುವ ಪ್ರೋಗ್ರಾಂ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ನೋಟ್‌ಬುಕ್ಕಿನ ಹಾಳೆಯೇ ಸಾಕು, ಇಬ್ಬರೂ ಬರೆಯಬೇಕು ಅಷ್ಟೆ. ಪಕ್ಕದಲ್ಲಿ ಇಬ್ಬರ ಉಳಿದ ಸಮಯವನ್ನೂ ಗುರುತಿಸಬೇಕು. ನಾನು ಇದನ್ನೇ ಮರೆಯುತ್ತಿದ್ದೆ.

ಸಮಯ ಎಷ್ಟು ಮುಖ್ಯ ಎಂಬುದಕ್ಕೆ 2020ರ ಆನ್‌ಲೈನ್ ಚೆಸ್ ಒಲಿಂಪಿಯಾಡ್ ನೋಡಿ. ಆಗಸ್ಟ್ 30ರಂದು ರಷ್ಯಾ ವಿರುದ್ಧದ ಫೈನಲ್‌ನಲ್ಲಿ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಅವರ ಇಂಟರ್‌ನೆಟ್ ಸಂಪರ್ಕ ಕಡಿದುಹೋಯಿತು. ನಡೆಗಳು ಸರ್ವರಿನಲ್ಲಿ ಭದ್ರವಾಗಿದ್ದವು, ಗಡಿಯಾರ ಮಾತ್ರ ಓಡುತ್ತಲೇ ಇತ್ತು. ಇಬ್ಬರೂ ಸಮಯ ಮೀರಿ ಸೋತರು. ಭಾರತ ಮೇಲ್ಮನವಿ ಸಲ್ಲಿಸಿತು, ಫಿಡೆ ಎರಡೂ ದೇಶಗಳಿಗೆ ಚಿನ್ನ ಕೊಟ್ಟಿತು. ನಮಗೆ ಅಂಥ ಮೇಲ್ಮನವಿ ಇಲ್ಲ. ಆದ್ದರಿಂದ ಕರೆಂಟ್ ಹೋದರೆ ಗಡಿಯಾರ ಎಲ್ಲಿಂದ ಶುರು ಎಂಬುದನ್ನು ಪಂದ್ಯಕ್ಕೆ ಮೊದಲೇ ಬೋರ್ಡಿನ ಮೇಲೆ ಬರೆಯಬೇಕೆಂದು ಸರ್ ಹತ್ತಿರ ಕೇಳಿಕೊಂಡಿದ್ದೇವೆ.

ಕಳೆದ ವಾರ ಅದೇ ಹುಡುಗನೊಡನೆ ಹೀಗೆ ಬರೆದುಕೊಂಡು ಆಡುತ್ತಿದ್ದಾಗ 18ನೇ ನಡೆಗೆ ಮತ್ತೆ ಕರೆಂಟ್ ಹೋಯಿತು. ಕ್ರೀಡಾ ಕೊಠಡಿಯಿಂದ ಮರದ ಬೋರ್ಡ್ ತಂದು, ಹಾಳೆ ನೋಡಿ ಕಾಯಿ ಜೋಡಿಸಿ, ಕಿಟಕಿಯ ಬೆಳಕಿನಲ್ಲಿ 19ನೇ ನಡೆಯಿಂದ ಮುಂದುವರಿಸಿದೆವು.