ಬಂಡೆಯ ಬಿರುಕಿಗೆ ಸೈಟಿನ ಗಡಿಯಿಲ್ಲ

ಬಸವನಗುಡಿಯ ಕಹಳೆ ಬಂಡೆ ಮತ್ತು ಲಾಲ್‌ಬಾಗಿನ ಬಂಡೆಯನ್ನು ನೋಡಿದರೆ ಹಳೆಯ ಬೆಂಗಳೂರು ಯಾವುದರ ಮೇಲೆ ಕೂತಿದೆ ಎಂಬುದು ತಿಳಿಯುತ್ತದೆ. ಸುಮಾರು 300 ಕೋಟಿ ವರ್ಷ ಹಳೆಯ ಈ ಗ್ನೈಸ್ ಶಿಲೆ ಮಲ್ಲೇಶ್ವರ, ಚಾಮರಾಜಪೇಟೆಗಳ ಕೆಳಗೂ ಹಬ್ಬಿದೆ. ಮರಳಿನಲ್ಲಿ ಕಣಗಳ ನಡುವೆ ನೀರು ನಿಲ್ಲುತ್ತದೆ. ಗಟ್ಟಿ ಗ್ನೈಸಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಮೇಲಿನ ಶಿಥಿಲ ಪದರ ಮಳೆನೀರನ್ನು ಹಿಡಿದಿಡುತ್ತದೆ, ಕೆಳಗಿನ ಬಂಡೆಯಲ್ಲಿ ನೀರು ಬಿರುಕು ಹಿಡಿದೇ ಸಾಗಬೇಕು. ಒಂದು ಮನೆಯ ಬೋರ್‌ವೆಲ್‌ನಲ್ಲಿ ನೀರು ಉಕ್ಕಿ, ಪಕ್ಕದ ಮನೆಯದರಲ್ಲಿ ಬರೀ ಕಲ್ಲಿನ ಪುಡಿ ಬರುವುದು ಇದರಿಂದಲೇ. ನಾವು ಅದೃಷ್ಟವೆಂದು ಕೈಬಿಟ್ಟಿರುವ ಈ ಸಂಗತಿ ಲೆಕ್ಕಕ್ಕೆ ಸಿಗುತ್ತದೆ. ಬಡಾವಣೆಗಳ ಮಟ್ಟದಲ್ಲಿ ಆ ಲೆಕ್ಕ ಹಾಕದೆ ಊರಿನ ಅಂತರ್ಜಲ ಉಳಿಯದು.

ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ. ಬಿರುಕಿನ ಲೆಕ್ಕ ಇನ್ನೂ ಬಿಗಿ: ಹರಿವು ಬಿರುಕಿನ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಅಗಲ ಅರ್ಧವಾದರೆ ಹರಿವು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಅಗಲವಾದ ಒಂದೇ ಬಿರುಕು ಹತ್ತಾರು ಕಿರುಬಿರುಕುಗಳನ್ನು ಮೀರಿಸಬಲ್ಲದು. ಇಂಥ ಬಂಡೆಯ ಗಣಿತ ಮಾದರಿ ಕಟ್ಟಲು ವಿಜ್ಞಾನಿಗಳಿಗೆ ಹಲವು ದಾರಿಗಳಿವೆ. ವಿಶಾಲ ಪ್ರದೇಶವಾದರೆ ಇಡೀ ಬಂಡೆಯನ್ನು ಸರಾಸರಿ ಗುಣದ ಒಂದೇ ವಸ್ತುವೆಂದು ಎಣಿಸಬಹುದು. ಸಣ್ಣ ಪ್ರದೇಶದಲ್ಲಿ ಬಿರುಕುಗಳ ದಿಕ್ಕು, ಉದ್ದ, ದಟ್ಟಣೆಯನ್ನು ಅಳೆದು ಕಂಪ್ಯೂಟರಿನಲ್ಲಿ ಬಿರುಕುಗಳ ಜಾಲವನ್ನೇ ಹೆಣೆಯಬಹುದು. 1960ರಲ್ಲಿ ರಷ್ಯಾದ ಬಾರೆನ್‌ಬ್ಲಾಟ್ ಮತ್ತು ಸಂಗಡಿಗರು ನಡುದಾರಿಯೊಂದನ್ನು ತೋರಿದರು: ಕೂಡಿಡುವ ಭಾಗ ಒಂದು, ಸಾಗಿಸುವ ಭಾಗ ಇನ್ನೊಂದು. ಶಿಥಿಲ ಪದರದಲ್ಲಿ ನೀರು ಕೂಡಿ ಬಿರುಕಿನಲ್ಲಿ ಸಾಗುವ ಬೆಂಗಳೂರಿಗೂ ಈ ವಿಂಗಡಣೆಯ ತಿರುಳು ಒಪ್ಪುತ್ತದೆ.

ನೆಲದಡಿಯ ಪ್ರತಿ ಬಿರುಕನ್ನು ಕಂಡವರಾರು, ಮಾದರಿಯನ್ನು ನಂಬುವುದೆಂತು ಎಂಬ ಆಕ್ಷೇಪ ನ್ಯಾಯವಾದದ್ದೇ. ನಿಮ್ಮ ಅಂಗಳದ ಇಂಥ ಮೂಲೆಯಲ್ಲಿ ನೀರಿದೆ ಎಂದು ಯಾವ ಮಾದರಿಯೂ ಖಚಿತವಾಗಿ ಹೇಳಲಾರದು. ಆದರೆ ಒಂದು ಪ್ರದೇಶದಲ್ಲಿ ವರ್ಷಕ್ಕೆ ಎಷ್ಟು ಇಂಗುತ್ತದೆ, ಎಷ್ಟು ಎತ್ತಿದರೆ ಮಟ್ಟ ಕುಸಿಯುತ್ತದೆ ಎಂಬುದಕ್ಕೆ ಪ್ರತಿ ಬಿರುಕಿನ ನಕ್ಷೆ ಬೇಕಿಲ್ಲ. ಅಲ್ಲಲ್ಲಿ ಅಳೆದ ನೀರಿನ ಮಟ್ಟ ಬೇಕು. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರು ಹೇಳಿದಲ್ಲಿ ನೀರು ಬಂತಲ್ಲ ಎನ್ನುವವರಿದ್ದಾರೆ. ನೀರು ಬಾರದ ಬಾವಿಗಳನ್ನೂ ಎಣಿಸಿದ ಮೇಲಷ್ಟೇ ಆ ಮಾತು ಪುರಾವೆಯಾಗುತ್ತದೆ. ಇನ್ನೂ ಆಳಕ್ಕೆ ಕೊರೆದರಾಯಿತು ಎಂಬ ವಾದವೂ ನಿಲ್ಲದು. ಆಳಕ್ಕೆ ಹೋದಷ್ಟೂ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುತ್ತವೆ, ಮೇಲಿನ ಭಾರಕ್ಕೆ ಕಿರಿದಾಗುತ್ತವೆ. ಸಾವಿರ ಅಡಿಯಲ್ಲಿ ಸಿಕ್ಕ ನೀರು ಅದೇ ಬಿರುಕನ್ನು ಹಂಚಿಕೊಂಡ ನೆರೆಯವರ ಪಾಲೂ ಆಗಿರಬಹುದು. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಬೋರ್‌ವೆಲ್‌ಗಳು ಬತ್ತಿದ್ದನ್ನು ಎಲ್ಲರೂ ಕಂಡಿದ್ದೇವೆ.

ಬಿರುಕು ನೀರನ್ನು ಬೇಗ ಸಾಗಿಸುತ್ತದೆ, ಆದರೆ ಮಣ್ಣಿನಂತೆ ಸೋಸುವುದಿಲ್ಲ. ಒಡೆದ ಒಳಚರಂಡಿಯ ಕೊಳೆಯೂ ಅದೇ ದಾರಿ ಹಿಡಿಯುತ್ತದೆ. ನಗರದಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡುವ ಕಾನೂನು 2009ರಲ್ಲೇ ಬಂದಿದೆ. ಆ ನೀರನ್ನು ಸೋಸದೆ ಬೋರ್‌ವೆಲ್ಲಿಗೆ ಸುರಿಯುವುದು ಅಪಾಯ. ಮೇಲಿನ ಪದರಕ್ಕೆ ಇಂಗುಬಾವಿಯ ಮೂಲಕ ಇಳಿಸುವುದು ಕ್ಷೇಮ. ಕೊರೆಯುವಾಗ ಎಷ್ಟು ಅಡಿಗೆ ಬಂಡೆ, ಎಷ್ಟಕ್ಕೆ ನೀರು ಸಿಕ್ಕಿತು ಎಂಬುದನ್ನು ಬರೆದಿಡಿ. ಮಳೆಗಾಲದ ಮೊದಲು ಮತ್ತು ನಂತರ ನೀರಿನ ಮಟ್ಟ ಅಳೆಸಿ, ನೆರೆಯವರೊಂದಿಗೆ ಹಂಚಿಕೊಳ್ಳಿ. ಈ ಅಂಕಿಗಳಿಲ್ಲದೆ ಯಾವ ಮಾದರಿಯೂ ನಮ್ಮ ನೀರಿನ ಲೆಕ್ಕ ಹೇಳಲಾರದು.